ಕಂಬದ ಆಚೆ ಕಡೆ

ನನ್ನ ಗಂಟಲು ದೊಡ್ಡದು. ಬೆಳಿಗ್ಗೆ ಏಳಕ್ಕೆ ನಾನು ಸವಾರಿ ಕಲಿಸಲು ನಿಂತರೆ, ಕಬಿನಿಯ ಆಚೆ ದಡದಲ್ಲಿ ದೋಣಿಗೆ ಕಾಯುವ ಬೈರಕುಪ್ಪೆಯವರಿಗೂ ‘ಹಿಮ್ಮಡಿ ಕೆಳಗೆ, ತಲೆ ಮೇಲೆ’ ಎಂಬ ನನ್ನ ಮಂತ್ರ ಬಾಯಿಪಾಠವಾಗಿದೆ. ಇಪ್ಪತ್ತಾರು ವರ್ಷ ಸೈನ್ಯದ ಕುದುರೆ ಲಾಯದಲ್ಲಿ ಹೊಸಬರಿಗೆ ಸವಾರಿ ಕಲಿಸಿ, ದಫೇದಾರನಾಗಿ ನಿವೃತ್ತನಾಗಿ, ಹುಟ್ಟಿದೂರು ಪೆರಿಕಲ್ಲೂರಿಗೆ ಮರಳಿದವನು ನಾನು. ಹೆಸರು ಮಹದೇವಪ್ರಸಾದ್. ನಮ್ಮ ಮುತ್ತಜ್ಜ ಹೊಳೆ ದಾಟಿ ಈಚೆ ಬಂದು ಗದ್ದೆ ಮಾಡಿದವರು. ಮನೆಯಲ್ಲಿ ನಮಗೆ ಕನ್ನಡ, ಅಂಗಡಿಯಲ್ಲಿ ಮಲಯಾಳ. ಕುದುರೆಯ ಮೇಲೆ ಕೂತವರನ್ನು ಬೈಯುವಾಗ ಮಾತ್ರ ಎರಡೂ ಸೇರಿ, ಮೇಲೊಂದಿಷ್ಟು ಸೈನ್ಯದ ಹಿಂದಿಯೂ ಬರುತ್ತದೆ.

ಊರಿನ ಜಿತಿನ್ ಎಂಬವನು ಹೊಳೆದಂಡೆಯ ಹಳೇ ಗದ್ದೆಗೆ ಮಣ್ಣು ತುಂಬಿಸಿ ಐದು ಕುದುರೆ ಕಟ್ಟಿದ. ಸುಲ್ತಾನ್ ಬತ್ತೇರಿಯಿಂದ, ಮಾನಂದವಾಡಿಯಿಂದ ಮಕ್ಕಳು ಸವಾರಿ ಕಲಿಯಲು ಬರುತ್ತಾರೆ. ಕಲಿಸುವವನು ನಾನೊಬ್ಬನೇ. ಕಳೆದ ವರ್ಷ ನನ್ನ ಎಡ ಸೊಂಟದ ಕೀಲು ಕೈಕೊಟ್ಟಿತು. ಬರುವ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಕುದುರೆ ಹತ್ತುವ ಆಸೆ ಬಿಡಿ ಎಂದು ಡಾಕ್ಟರು ಹೇಳಿಬಿಟ್ಟರು. ನನ್ನ ಜಾಗಕ್ಕೆ ಕೊಚ್ಚಿಯಿಂದ ಯಾರನ್ನಾದರೂ ತರುತ್ತೇನೆ ಎಂದು ಜಿತಿನ್ ಹೇಳಿದ. ತರುವುದು ಬೇಡ, ಇಲ್ಲಿಯೇ ಒಬ್ಬಳಿದ್ದಾಳೆ ಎಂದೆ ನಾನು.

ಅವಳು ನಿಷ. ಇಪ್ಪತ್ತಾರು ವರ್ಷ. ನಮ್ಮೂರಿಗೆ ಎರಡು ಮೈಲು ದೂರದ ಕಾಡಂಚಿನ ಆದಿವಾಸಿ ಹಾಡಿಯವಳು. ಆರು ವರ್ಷದ ಹಿಂದೆ ಹುಲ್ಲು ಕೊಯ್ಯಲು, ಲದ್ದಿ ಬಾಚಲು ಬಂದಳು. ಕುದುರೆಗಳಿಗೆ ನೀರು ಕುಡಿಸಲು ಹೊಳೆಗೆ ಕರೆದೊಯ್ಯುವಾಗ ಜೀನಿಲ್ಲದೆ ಬೆನ್ನೇರಿ ಹೋಗುತ್ತಿದ್ದುದನ್ನು ಒಂದು ದಿನ ಕಂಡೆ. ಕುದುರೆ ಟ್ರಾಟ್‌ಗೆ, ಆ ಕುಲುಕುವ ಓಟಕ್ಕೆ, ಬಿದ್ದರೂ ಇವಳ ಸೊಂಟ ಅದರ ಬೆನ್ನಿಗೆ ಅಂಟಿಕೊಂಡೇ ಇತ್ತು. ಆ ಆಸನವನ್ನು ಕಲಿಸಲು ನಾನು ಸೈನ್ಯದಲ್ಲಿ ಒಬ್ಬೊಬ್ಬನ ಮೇಲೆ ಒಂದೊಂದು ವರ್ಷ ಕೂಗಿದ್ದೇನೆ. ಹೊಟ್ಟೆಕಿಚ್ಚಾಯಿತು. ಮರುದಿನವೇ ಅವಳ ಕೈಗೆ ಲಗಾಮು ಕೊಟ್ಟೆ.

ಜಿತಿನ್ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಮಕ್ಕಳನ್ನು ಕುದುರೆ ಮೇಲೆ ಕೂರಿಸುವವರ ಬಳಿ ಸರ್ಟಿಫಿಕೇಟ್ ಇರಬೇಕು. ಜನವರಿಯಲ್ಲಿ ಸವಾರರ ಸಂಘದವರು ಬಂದು ಪರೀಕ್ಷೆ ಮಾಡುತ್ತಾರೆ. ಸಮತಟ್ಟು ನೆಲದ ಸವಾರಿ ಒಂದು, ಆಮೇಲೆ ಎಂಬತ್ತು ಸೆಂಟಿಮೀಟರ್ ಎತ್ತರದ ಎಂಟು ಜಿಗಿತ. ಅಡ್ಡ ಇಟ್ಟ ಕಂಬ ಬಿದ್ದರೆ ನಾಲ್ಕು ತಪ್ಪು, ಕುದುರೆ ನಿಂತರೆ ನಾಲ್ಕು ತಪ್ಪು. ತಪ್ಪು ಎಂಟು ದಾಟಿದರೆ ಫೇಲು. ಪಾಸಾದರೆ ನಿಷ ಕಲಿಸುವವಳು. ಇಲ್ಲವಾದರೆ ಕೊಚ್ಚಿಯವನು ಬರುತ್ತಾನೆ, ನಿಷ ಲದ್ದಿ ಬುಟ್ಟಿಗೆ ಮರಳುತ್ತಾಳೆ.

ಸಮತಟ್ಟು ನೆಲದಲ್ಲಿ ನನಗೆ ಚಿಂತೆಯಿರಲಿಲ್ಲ. ಅವಳ ಒಂದೇ ದೋಷ ಕೈ. ಲಗಾಮನ್ನು ಬಕೆಟ್ಟಿನ ಹಿಡಿಯಂತೆ ಬಿಗಿಯಾಗಿ ಹಿಡಿಯುತ್ತಿದ್ದಳು. ನಲವತ್ತು ದಿನ ಕಾಲಿಡುವ ರಿಕಾಪು ಬಿಚ್ಚಿಸಿ ಓಡಿಸಿದೆ. ಕ್ಯಾಂಟರಿನ, ಅಂದರೆ ನೆಗೆದೋಟದ, ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಎಣಿಸಲು ಹೇಳಿದೆ, ಏಕೆಂದರೆ ಎಣಿಸುವವರು ಉಸಿರು ಹಿಡಿಯುವುದಿಲ್ಲ, ಉಸಿರು ಹಿಡಿಯದವರ ಮೊಣಕೈ ಬಿಗಿಯುವುದಿಲ್ಲ. ತಿರುವಿಗೆ ಮೊದಲು ಒಂದು ಉಸಿರಿನಷ್ಟು ಹೊತ್ತು ಆಳವಾಗಿ ಕೂತು, ಬೆರಳು ಮುಚ್ಚಿ, ಮತ್ತೆ ಬಿಡಬೇಕು. ಇಷ್ಟರಲ್ಲೇ ಕುದುರೆ ತನ್ನ ಭಾರವನ್ನು ಹಿಂಗಾಲಿಗೆ ತಂದುಕೊಳ್ಳುತ್ತದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳು ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಅವಳಿಗೆ ಹೇಳಲಿಲ್ಲ.

ಜಿಗಿತಕ್ಕೆ ಬಂದಾಗ ತಲೆ ಕೆಟ್ಟಿತು. ಅವಳ ಕುದುರೆ ತುಂಬೆ, ಹಣೆಯಲ್ಲಿ ತುಂಬೆ ಹೂವಿನಷ್ಟು ಬಿಳಿ ಇರುವ ಕಂದು ಹೆಣ್ಣು. ಮುಂದೆ ನಮ್ಮ ಮುದಿ ಗಂಡು ಕುದುರೆ ಮೇಜರ್ ಜಿಗಿದರೆ, ಹಿಂದೆ ತುಂಬೆ ಮೀಟರ್ ಎತ್ತರವನ್ನೂ ಸಲೀಸಾಗಿ ಹಾರುತ್ತಿತ್ತು. ಒಂಟಿಯಾಗಿ ಬಿಟ್ಟರೆ ಮೊಣಕಾಲೆತ್ತರದ ಕಂಬದ ಮುಂದೆಯೂ ಸರಕ್ಕೆಂದು ನಿಲ್ಲುತ್ತಿತ್ತು. ಜೊತೆ ಬಿಟ್ಟಿರಲಾರದ ಕುದುರೆ ಎಂದು ನಾನು ತೀರ್ಮಾನಿಸಿದೆ. ತಿಂಗಳಿಡೀ ಅದನ್ನು ಒಂಟಿಯಾಗಿ ಕಟ್ಟಿದೆ. ಏನೂ ಪ್ರಯೋಜನವಾಗಲಿಲ್ಲ.

ಆಮೇಲೆ ಫೋನಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ನೋಡಿದೆ. ತಪ್ಪು ಕುದುರೆಯದಲ್ಲ. ಕಂಬ ಮೂರು ಹೆಜ್ಜೆ ಇದೆ ಎನ್ನುವಾಗ ನಿಷ ತಲೆ ಬಗ್ಗಿಸಿ ಕೆಳಗೆ ನೋಡುತ್ತಿದ್ದಳು. ತಲೆ ಭಾರದ ವಸ್ತು. ಅದು ಬಗ್ಗಿದರೆ ಭುಜ ಬಗ್ಗುತ್ತದೆ, ಭುಜ ಬಗ್ಗಿದರೆ ಕಾಲು ಹಿಂದಕ್ಕೆ ಜಾರುತ್ತದೆ, ಅಷ್ಟೂ ಭಾರ ಕುದುರೆಯ ಮುಂಗಾಲ ಮೇಲೆ ಬೀಳುತ್ತದೆ. ಏಳಬೇಕಾದ ಹೊತ್ತಿಗೆ ಯಾರೋ ಹೆಗಲ ಮೇಲೆ ಕೂತಂತೆ. ನಿಲ್ಲದೆ ಇನ್ನೇನು ಮಾಡೀತು? ಮೇಜರ್ ಮುಂದಿದ್ದಾಗ ಮಾತ್ರ ಅವಳ ತಲೆ ನೆಟ್ಟಗೆ ಇರುತ್ತಿತ್ತು. ಯಾಕೆಂದು ನಾನು ಕೇಳಲಿಲ್ಲ. ಕೇಳುವುದು ನನ್ನ ಅಭ್ಯಾಸವಲ್ಲ, ಕೂಗುವುದು ಅಭ್ಯಾಸ. ತಲೆ ಎತ್ತು, ಹೊಳೆ ನೋಡು, ಆಚೆ ದಡದ ಮರ ನೋಡು ಎಂದು ನಾಲ್ಕು ತಿಂಗಳು ಕೂಗಿದೆ. ಹೂಂ ಅನ್ನುತ್ತಿದ್ದಳು, ಹೋಗುತ್ತಿದ್ದಳು, ಮೂರನೇ ಹೆಜ್ಜೆಗೆ ಮತ್ತೆ ಬಗ್ಗುತ್ತಿದ್ದಳು. ಹೆದರಿಕೆಯೇನೇ ಎಂದು ಒಮ್ಮೆ ಹಂಗಿಸಿದೆ. “ಪೇಡಿ ಅಲ್ಲ ಸಾರೇ” ಎಂದಳು. ಭಯವಲ್ಲ ಎಂದು. ಮತ್ತೆ ಕುದುರೆಯನ್ನು ಕಂಬದ ಕಡೆಗೆ ತಿರುಗಿಸಿದಳು.

ಡಿಸೆಂಬರಿನಲ್ಲಿ ನಾನೊಂದು ದರಿದ್ರ ಕೆಲಸ ಮಾಡಿದೆ. ಸೈನ್ಯದಲ್ಲಿ ಮೊಂಡು ಹುಡುಗರಿಗೆ ಮಾಡುತ್ತಿದ್ದಂತೆ, ದಪ್ಪ ರಟ್ಟು ಕತ್ತರಿಸಿ ಕುತ್ತಿಗೆಗೆ ಪಟ್ಟಿ ಮಾಡಿ, ಗದ್ದ ಕೆಳಗೆ ಬಾರದಂತೆ ಅವಳಿಗೆ ಕಟ್ಟಿದೆ. ಜಿತಿನ್ ನೋಡಿ ನಕ್ಕ. ಗದ್ದ ಬಗ್ಗದಿದ್ದಾಗ ಅವಳು ಸೊಂಟದಿಂದಲೇ ಪೂರ್ತಿ ಬಗ್ಗಿದಳು. ತುಂಬೆ ನಿಂತಿತು, ನಿಷ ಕಂಬದ ಮೇಲಿಂದ ಉರುಳಿ ಆಚೆಗೆ ಬಿದ್ದಳು. ಎದ್ದು ಪಟ್ಟಿ ಬಿಚ್ಚಿ, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟಳು. ಕುದುರೆ ಕಟ್ಟಿ, ಮೈ ಒರೆಸಿ, ನೀರಿಟ್ಟು ಹೊರಟು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಲದ್ದಿ ಬುಟ್ಟಿ ನನ್ನ ಪಾಲಿಗೆ ಬಂತು. ಕೆಟ್ಟ ಸೊಂಟದಲ್ಲಿ ಐದು ಕುದುರೆಯ ಲದ್ದಿ ಬಾಚುವಾಗ ಮನುಷ್ಯನಿಗೆ ತನ್ನ ಬಗ್ಗೆ ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ.

ಮೂರನೇ ದಿನ ಕೋಲೂರಿಕೊಂಡು ಹಾಡಿಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಕರೆಯಲು ಹೋದೆ. ಅವಳ ತಾಯಿ ಮಾತಿ ಅಂಗಳದಲ್ಲಿ ಕಾಫಿ ಬೀಜ ಒಣಗಿಸುತ್ತಿದ್ದಳು. ಬಲಗಾಲಿನ ಮೀನಖಂಡ ಒಣಗಿ, ಹಿಮ್ಮಡಿ ನೆಲಕ್ಕೆ ಊರದ ಹೆಂಗಸು. ನಾನು ಏನು ಹೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಿಷ ಒಳಗಿನಿಂದ ಚಪ್ಪಲಿ ಮೆಟ್ಟಿಕೊಂಡೇ ಬಂದಳು. ತುಂಬೆ ಮೇವು ತಿಂತಾ ಎಂದು ಕೇಳಿದಳು. ಅರ್ಧ ಬಿಡುತ್ತಿದೆ ಎಂದೆ. ಬರುತ್ತೇನೆ ಎಂದಳು. ಮಾತಿಯೂ ಪೆರಿಕಲ್ಲೂರು ಅಂಗಡಿಗೆ ಹೊರಟಳು.

ಕಾಡಿನ ಕಾಲುದಾರಿಯಲ್ಲಿ ಮಾತಿ ಕುಂಟುತ್ತ ಮುಂದೆ, ನಾನು ನಡುವೆ, ನಿಷ ಕೊನೆಗೆ. ಅರ್ಧ ದಾರಿಯಲ್ಲಿ ಆನೆ ಉರುಳಿಸಿದ ಒಂದು ಮರ ಅಡ್ಡ ಬಿದ್ದಿತ್ತು. ಮಾತಿ ನಿಂತಳು. ದಿಮ್ಮಿಯ ಮೇಲೆ ಕೈಯೂರಿ ಬಗ್ಗಿ, ಆಚೆ ಮಗ್ಗುಲನ್ನು ಎಡದಿಂದ ಬಲಕ್ಕೆ ನೋಡಿದಳು. ಆಮೇಲೆ ಕಾಲಿಟ್ಟು ದಾಟಿ, ತಿರುಗದೆಯೇ ಹೇಳಿದಳು.

“ಏನಿಲ್ಲ, ಬಾ.”

ನಾನು ಕಷ್ಟಪಟ್ಟು ಸೊಂಟ ತಿರುಗಿಸಿ ದಾಟಿ ಹಿಂದೆ ನೋಡಿದೆ. ನಿಷ ದಾಟುತ್ತಿದ್ದಳು. ಕೆಳಗೆ ನೋಡಲಿಲ್ಲ. ಬೆನ್ನು ನೆಟ್ಟಗೆ, ಗದ್ದ ಮೇಲೆ, ಕಣ್ಣು ದಾರಿಯ ತುದಿಯಲ್ಲಿ. ನಾಲ್ಕು ತಿಂಗಳು ಗಂಟಲು ಹರಿದುಕೊಂಡು ನಾನು ಕೇಳಿದ ಭಂಗಿ ಅದೇ. ನಾನು ದಾರಿಯಲ್ಲೇ ನಿಂತುಬಿಟ್ಟೆ. ಈ ಕಾಡಿನಂಚಿನಲ್ಲಿಯೇ ಹುಟ್ಟಿದವನು ನಾನು. ಚಿಕ್ಕಂದಿನಲ್ಲಿ ಬಿದ್ದ ಮರ ದಾಟುವಾಗ ನಾನೂ ಹೀಗೆಯೇ ಬಗ್ಗಿ ನೋಡಿದ್ದೇನೆ, ಹಿಂದಿನವರಿಗೆ ಹೇಳಿದ್ದೇನೆ. ಇಪ್ಪತ್ತಾರು ವರ್ಷ ಸೈನ್ಯದ ಬಯಲಿನಲ್ಲಿ ನಿಂತು ಎಲ್ಲ ಮರೆತಿದ್ದೆ. ನಾಚಿಕೆಯಾಯಿತು.

ಮುಂದಿನ ದಿಮ್ಮಿಗೆ ನೀನು ಮೊದಲು ಹೋಗು ಎಂದೆ. ನಿಷ ತಲೆಯಾಡಿಸಿ ಹಿಂದೆಯೇ ಉಳಿದಳು. ಅವಳು ಮುಂದೆ ನಡೆಯುವುದಿಲ್ಲ ಎಂದಳು ಮಾತಿ. ಯಾಕೆಂದು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದೆ. ಮಾತಿ ತನ್ನ ಒಣಗಿದ ಕಾಲು ತೋರಿಸಿದಳು.

“ಇದು ಅಣಲಿ ಕಚ್ಚಿದ್ದು. ಇವ್ಳಿಗೆ ಆಗ ಹನ್ನೆರಡು. ಶಾಲೆಗೆ ಹೊತ್ತಾಯ್ತು ಅಂತ ಮುಂದೆ ಓಡ್ತಿದ್ಳು. ಬಿದ್ದ ಮರ ಹಾರಿ ‘ಏನಿಲ್ಲ, ಬಾ’ ಅಂದ್ಳು. ನಾ ಬಂದೆ.”

ಅಣಲಿ ಎಂದರೆ ನಾವು ಕೊಳಕುಮಂಡಲ ಅನ್ನುವ ಹಾವು. ಮಾತಿಯ ದನಿಯಲ್ಲಿ ದೂರೇನೂ ಇರಲಿಲ್ಲ, ಬಸ್ಸು ತಪ್ಪಿದ್ದನ್ನು ಹೇಳುವಂತೆ ಹೇಳಿದಳು. ಹಿಂದೆ ನಿಷ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನೋಡದೆ ಹೇಳಿದ ಆ ಒಂದು ಮಾತಿನ ಮೇಲೆ ಅವಳು ಹದಿನಾಲ್ಕು ವರ್ಷದಿಂದ ಎಲ್ಲರ ಹಿಂದೆ ನಡೆಯುತ್ತಿದ್ದಾಳೆ. ನಾನು ಅವಳನ್ನು ಒಂಟಿಯಾಗಿ ಮುಂದೆ ಕಳಿಸಿ, ನೋಡಬೇಡ ನೋಡಬೇಡ ಎಂದು ಅರಚುತ್ತಿದ್ದೆ.

ಮರುದಿನದಿಂದ ಪಾಠ ಬದಲಾಯಿತು. ಕುದುರೆ ಹತ್ತುವ ಮುನ್ನ ನಿಷ ಒಂದೊಂದೇ ಕಂಬವನ್ನು ಕಾಲ್ನಡಿಗೆಯಲ್ಲಿ ದಾಟಿ, ಆಚೆ ಕಡೆ ಬಗ್ಗಿ ನೋಡಿ ಬರಬೇಕು. ಒಮ್ಮೆ ನೋಡಿದ ಮೇಲೆ ಕುದುರೆ ಮೇಲಿಂದ ಮತ್ತೆ ನೋಡುವ ಹಾಗಿಲ್ಲ. ಮೊದಲ ದಿನ ಮೂರು ಕಂಬದಲ್ಲಿ ಎರಡು ಸರಿಯಾಯಿತು. ವಾರದಲ್ಲಿ ಎಂಟಕ್ಕೆ ಎಂಟೂ. ತಲೆ ನಿಂತ ಮೇಲೆ ಮಿಕ್ಕದ್ದು ಸುಲಭವಾಯಿತು. ಆಸನದಿಂದ ಬೆರಳಗಲ ಏಳುವುದು, ಕುದುರೆಯ ಕತ್ತು ಚಾಚಿದಷ್ಟೂ ಕೈ ಮುಂದೆ ಬಿಡುವುದು, ಗಾಳಿಯಲ್ಲಿರುವಾಗಲೇ ಕಣ್ಣನ್ನು ಮುಂದಿನ ಜಿಗಿತಕ್ಕೆ ತಿರುಗಿಸುವುದು. ತುಂಬೆ ಕಿವಿ ಮುಂದೆ ಮಾಡಿಕೊಂಡು ಹೋಗತೊಡಗಿತು. ಜಿಗಿಯುವ ಮುನ್ನ ಅದಕ್ಕೆ ನಿಮ್ಮ ಆ ಮಾತನ್ನೇ ಹೇಳು, ಕುದುರೆಗೆ ಧೈರ್ಯ ಬರುತ್ತದೆ ಎಂದು ನಾನು ಅತಿ ಬುದ್ಧಿವಂತಿಕೆ ಮಾಡಿದೆ.

“ನೋಡಿ ದಾಟ್ತೀನಿ ಸಾರೇ. ಆ ಮಾತು ಮಾತ್ರ ಬೇಡ” ಎಂದಳು ನಿಷ. ನಾನು ಒತ್ತಾಯಿಸಲಿಲ್ಲ.

ಜನವರಿಯ ಎರಡನೇ ವಾರ ಪರೀಕ್ಷೆ. ಪರೀಕ್ಷಕಿ ಶೀಜ, ಕೊಚ್ಚಿಯವರು, ಮಾತು ಕಡಿಮೆ. ಅಭ್ಯರ್ಥಿಯ ಗುರು ಹಗ್ಗದ ಹೊರಗೆ ನಿಲ್ಲಬೇಕು, ಒಂದು ಶಬ್ದ ಹೊರಟರೂ ಅಭ್ಯರ್ಥಿ ಹೊರಗೆ ಎಂದು ಮೊದಲೇ ಹೇಳಿದರು. ಹೇಳುವಾಗ ಜಿತಿನ್ ನನ್ನ ಮುಖ ನೋಡಿದ. ನಾನು ಮಾತಿಯ ಪಕ್ಕದಲ್ಲಿ, ನೇರಳೆ ಮರದ ಬುಡದ ಕಲ್ಲಿನ ಮೇಲೆ ಕೂತೆ.

ಸಮತಟ್ಟು ನೆಲದ ಸವಾರಿಯಲ್ಲಿ ಕೊಂಕು ತೆಗೆಯಲು ನನಗೇ ಏನೂ ಸಿಗಲಿಲ್ಲ. ಇಪ್ಪತ್ತು ಮೀಟರಿನ ವರ್ತುಲ ತಟ್ಟೆಯಂತೆ ದುಂಡಗಿತ್ತು. ಆಮೇಲೆ ಜಿಗಿತಗಳ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಲು ಹತ್ತು ನಿಮಿಷ ಕೊಟ್ಟರು. ಬೇರೆ ಸವಾರರು ಕಂಬದಿಂದ ಕಂಬಕ್ಕೆ ಹೆಜ್ಜೆ ಅಳೆಯುತ್ತಾರೆ. ನಿಷ ಹೆಜ್ಜೆಯನ್ನೂ ಅಳೆದಳು, ಪ್ರತಿ ಕಂಬವನ್ನೂ ಹತ್ತಿ ದಾಟಿ ಆಚೆ ಬಗ್ಗಿ ನೋಡಿದಳು. ಶೀಜ ಹುಬ್ಬೇರಿಸಿದರು.

ಅವಳು ಕುದುರೆ ಹತ್ತಿದ ಮೇಲೆ ಶೀಜ ಆರನೇ ಜಿಗಿತದ ಬಳಿ ಹೋಗಿ ಬೂಟಿನಿಂದ ನೆಲ ಒತ್ತಿ ನೋಡಿದರು. ರಾತ್ರಿ ನೀರಿನ ಪೈಪು ಸೋರಿ ಅಲ್ಲಿ ಮಣ್ಣು ಮೆತ್ತಗಾಗಿತ್ತು. ಕುದುರೆ ಇಳಿಯುವಾಗ ಜಾರೀತು ಎಂದು ಜಿಗಿತವನ್ನು ಹದಿನೈದು ಹೆಜ್ಜೆ ಆಚೆಗೆ, ಬಿದಿರುಮೆಳೆಯ ಅಂಚಿಗೆ ಸರಿಸಲು ಜಿತಿನ್‌ಗೆ ಹೇಳಿದರು. ಗಟ್ಟಿ ನೆಲ, ಒಳ್ಳೆಯ ನಿರ್ಧಾರವೇ. ಆದರೆ ಈಗ ಕಂಬದ ಆಚೆ ಒಣ ಬಿದಿರೆಲೆ ಹರಡಿಕೊಂಡಿತ್ತು, ನಿಷ ಅದನ್ನು ನೋಡಿರಲಿಲ್ಲ.

ಇನ್ನೊಮ್ಮೆ ನಡೆದು ನೋಡಲು ಬಿಡಬೇಕೆಂದು ನಾನು ಎದ್ದು ಹೋಗಿ ಕೇಳಿದೆ. ಕಲಿಸುವವರಿಗೆ ಗೊತ್ತಿಲ್ಲದ ಕಂಬವನ್ನೂ ಹಾರಿಸಲು ಬರಬೇಕು ಎಂದರು ಶೀಜ. ತಪ್ಪು ಮಾತಲ್ಲ, ನಾನೇ ಹುಡುಗರಿಗೆ ನೂರು ಸಲ ಹೇಳಿದ್ದು. ಮಾತಿಯ ಕಾಲಿನ ಕತೆಯನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ. ದೂರದಿಂದ ನಿಷ ತಲೆಯಾಡಿಸಿ ಬೇಡ ಎಂದಳು. ಮರಳಿ ಬಂದು ಕಲ್ಲಿನ ಮೇಲೆ ಕೂತೆ.

ಗಂಟೆ ಹೊಡೆಯಿತು. ಒಂದು, ಎರಡು ಚೆನ್ನಾಗಿ ದಾಟಿದವು. ಮೂರರಲ್ಲಿ ಕೈ ಬಿಡುವುದು ತಡವಾಗಿ ತುಂಬೆಯ ಹಿಂಗಾಲು ತಾಗಿ ಕಂಬ ಬಿತ್ತು. ನಾಲ್ಕು ತಪ್ಪು. ನಾನು ತುಟಿ ಕಚ್ಚಿಕೊಂಡೆ. ನಾಲ್ಕು, ಐದು ನಿರಾಳ. ಆರಕ್ಕೆ ತಿರುಗಿದಳು. ಐದು ಹೆಜ್ಜೆ, ನಾಲ್ಕು, ಮೂರು. ತಲೆ ಬಗ್ಗಿತು. ತುಂಬೆ ನಿಂತಿತು.

ಶೀಜ ಹಾಳೆಯಲ್ಲಿ ಬರೆದುಕೊಂಡರು. ಎಂಟಾಯಿತು. ಇನ್ನೊಂದು ಕಂಬ ಬಿದ್ದರೆ, ಇನ್ನೊಮ್ಮೆ ನಿಂತರೆ ಎಲ್ಲ ಮುಗಿಯಿತು. ತಲೆ ಎತ್ತು ಎನ್ನುವ ಕೂಗು ನನ್ನ ಗಂಟಲಿನಲ್ಲಿ ಬಂದು ಕೂತಿತ್ತು, ಅದನ್ನು ನುಂಗಲು ನಾನು ಪಟ್ಟ ಪಾಡು ನನಗೇ ಗೊತ್ತು. ನಿಷ ಮಾತ್ರ ಅವಸರ ಮಾಡಲಿಲ್ಲ. ನಿಂತ ಕುದುರೆಯ ಕತ್ತಿನ ಮೇಲೆ ಒರಗಿ, ಕಂಬದ ಆಚೆ ಎಡದಿಂದ ಬಲಕ್ಕೆ, ಒಂದೊಂದು ಎಲೆಯನ್ನೂ ಎಣಿಸುವವಳಂತೆ ನೋಡಿದಳು. ಆಮೇಲೆ ಲಗಾಮು ತಿರುಗಿಸಿ, ದೊಡ್ಡ ವರ್ತುಲ ಹಾಕಿ, ಕ್ಯಾಂಟರಿಗೆ ಬಿಟ್ಟಳು.

ಈ ಸಲ ತಲೆ ಮೇಲಿತ್ತು. ಕಣ್ಣು ಬಿದಿರಿನ ಮೇಲಿಂದ ಹೊಳೆಯ ಕಡೆಗಿತ್ತು. ಮೂರು ಹೆಜ್ಜೆ ಉಳಿದಾಗ ಅವಳ ದನಿ ನಮಗೆ ಸ್ಪಷ್ಟವಾಗಿ ಕೇಳಿತು.

“ಏನಿಲ್ಲ, ಬಾ.”

ನನ್ನ ಪಕ್ಕದಲ್ಲಿದ್ದ ಮಾತಿ ಎದ್ದು ನಿಂತಳು. ಎದ್ದವಳು ಕುಂಟುಗಾಲನ್ನು ಒಂದು ಹೆಜ್ಜೆ ಮುಂದಿಟ್ಟಳು. ಹಗ್ಗ ಹೊಟ್ಟೆಗೆ ತಾಗಿದ ಮೇಲೆಯೇ ನಿಂತದ್ದು. ಅಷ್ಟರಲ್ಲಿ ತುಂಬೆ ಕಂಬದ ಮೇಲಿತ್ತು, ಮೊಣಕಾಲು ಎದೆಗೆ ಮಡಚಿ, ಕತ್ತು ಚಾಚಿ. ಬಿದಿರೆಲೆಯ ಮೇಲೆ ಇಳಿದು ಏಳನ್ನೂ ಎಂಟನ್ನೂ ಅದೇ ಲಯದಲ್ಲಿ ದಾಟಿತು. ನನ್ನ ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಶೀಜ ಹಾಳೆ ಓದಿದರು. ಸಮತಟ್ಟು ನೆಲದಲ್ಲಿ ಉತ್ತಮ, ಜಿಗಿತದಲ್ಲಿ ಎಂಟು ತಪ್ಪು, ಅಂಚಿನಲ್ಲಿ ಪಾಸು. ಕುದುರೆಗೆ ಹೊಸ ಕಂಬ ಕಂಡರೆ ಹಟ ಇದೆ, ಅದನ್ನು ತಿದ್ದಿಕೊಳ್ಳಿ ಎಂದು ಸಲಹೆ ಕೊಟ್ಟರು. “ಶರಿ ಮೇಡಂ” ಎಂದಷ್ಟೇ ಹೇಳಿದಳು ನಿಷ. ಜಿತಿನ್ ಅವಳ ಕೈ ಕುಲುಕಿ, ಸೋಮವಾರದಿಂದ ಮಕ್ಕಳ ತಂಡ ಅವಳದೇ ಎಂದ.

ಲಾಯದಲ್ಲಿ ಜೀನಿನ ಪಟ್ಟಿ ಸಡಿಲಿಸುವಾಗ ನನಗೆ ಆರನೇ ಕಂಬ ಮತ್ತೆ ಕಣ್ಣಿಗೆ ಬಂತು. ಹಟಕ್ಕೆ ನಿಲ್ಲುವ ಕುದುರೆ ಮುಂಗಾಲು ಜಾರಿಸಿ, ತಲೆ ಕೊಡವಿ, ಓರೆಯಾಗಿ ನಿಲ್ಲುತ್ತದೆ. ತುಂಬೆ ನಾಲ್ಕೂ ಕಾಲು ಜೋಡಿಸಿ, ಪಾಠದಲ್ಲಿ ನಿಲ್ಲಿಸಿದಂತೆ ನೆಟ್ಟಗೆ ನಿಂತಿತ್ತು. ಆಳವಾಗಿ ಕೂತು, ಬೆರಳು ಮುಚ್ಚಿ ನಿಲ್ಲಿಸಿದರೆ ಮಾತ್ರ ಕುದುರೆ ಹಾಗೆ ನಿಲ್ಲುತ್ತದೆ. ಕಲಿಸಿದವನಿಗೇ ಅಷ್ಟು ಹೊತ್ತು ಹೊಳೆಯಲಿಲ್ಲ. ಇನ್ನು ನಾಲ್ಕು ತಪ್ಪಾದರೆ ಏನು ಹೋಗುತ್ತದೆ ಎಂದು ಗೊತ್ತಿತ್ತಲ್ಲವೇ ಎಂದು ನಿಷಳನ್ನು ಕೇಳಿದೆ. ಈ ಸಲ ಕೂಗಲಿಲ್ಲ, ಕೇಳಿದೆ.

ಅವಳು ತುಂಬೆಯ ಬೆವರು ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಗೊತ್ತಿತ್ತು ಸಾರೇ. ಅದು ನಿಂತಿದ್ದಲ್ಲ, ನಾನೇ ನಿಲ್ಸಿದ್ದು. ನೋಡ್ದೆ ಹೆಂಗೆ ಬಾ ಅನ್ನಲಿ?”

ನಾನು ಜೀನು ಇಳಿಸಿಕೊಂಡು ಗೂಟಕ್ಕೆ ಹಾಕಲು ಹೋದೆ.